ಎದುರು ಮನೆಯ ಪ್ರಶ್ನೆ

"ಅಪ್ಪಾ, ಮೂರು ತಟ್ಟೆ ಯಾಕಿಟ್ಟೆ?"

ಅಪ್ಪ ಮೇಜನ್ನೊಮ್ಮೆ ನೋಡಿದ. ಮೂರನೆಯ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಯಲ್ಲಿಟ್ಟು ಬಂದ.

ಕೇಳಬಾರದಿತ್ತು ಎಂದು ಅದ್ವಾಳಿಗೆ ಅನ್ನಿಸಿತು. ಅಮ್ಮ ಈಗ ಬೇರೆ ಊರಿನಲ್ಲಿ, ಬೇರೆ ಮನೆಯಲ್ಲಿ ಇದ್ದಾಳೆ. ಈ ವರ್ಷದ ಪೆಸಖ್, ಅಂದರೆ ಯೆಹೂದಿಗಳ ಬಿಡುಗಡೆಯ ಹಬ್ಬ, ಅಪ್ಪನ ಜೊತೆ, ಮುಂದಿನ ವರ್ಷದ್ದು ಅಮ್ಮನ ಜೊತೆ. ಹಾಗೆಂದು ದೊಡ್ಡವರು ಮಾತಾಡಿಕೊಂಡಿದ್ದರು. ಹೋದ ವರ್ಷ ಅಜ್ಜಿಯ ಮನೆಯಲ್ಲಿ ಜಾಗ ಸಾಲದೆ ಮಕ್ಕಳೆಲ್ಲ ಮಂಚದ ಮೇಲೆ ಕೂತಿದ್ದರು.

ಹೈಫಾ ನಗರದ ಈ ಹೊಸ ಫ್ಲಾಟಿನಲ್ಲಿ ಇಬ್ಬರೇ. ಹುಳಿ ಬರಿಸದ ಹಿಟ್ಟಿನ ತೆಳು ರೊಟ್ಟಿ, ಕಹಿ ಸೊಪ್ಪು, ಉಪ್ಪುನೀರು ಎಲ್ಲ ಇದ್ದವು. ಖರ್ಜೂರದ ಹೂರಣ ಮಾತ್ರ ತಳ ಹಿಡಿದಿತ್ತು.

"ಈಜಿಪ್ಟಲ್ಲಿ ನಮ್ಮೋರು ಕಲಸಿದ ಗಾರೆಯ ನೆನಪಿಗೆ ತಾನೇ ಇದು? ನಂದು ಸುಟ್ಟ ಇಟ್ಟಿಗೇನೇ ಆಗೋಯ್ತು," ಅಂದ ಅಪ್ಪ.

ಅದ್ವಾ ನಗಲಿಲ್ಲ. "ನಾನು ಈ ಸಲ ಪ್ರಶ್ನೆ ಕೇಳಲ್ಲ."

ಅಪ್ಪ ಕೈಯಲ್ಲಿದ್ದ ಚಮಚ ಕೆಳಗಿಟ್ಟ.

ಮನೆಯ ಚಿಕ್ಕ ಮಗು ‘ಉಳಿದ ರಾತ್ರಿಗಳಿಗಿಂತ ಈ ರಾತ್ರಿ ಯಾಕೆ ಬೇರೆ?’ ಎಂದು ಹಾಡಿ ಕೇಳಬೇಕು. ಗುಲಾಮಗಿರಿ ಬಿಟ್ಟು ಹೊರಟು ಬಂದ ಕತೆಯನ್ನು ದೊಡ್ಡವರು ಶುರು ಮಾಡುವುದು ಆಮೇಲೆಯೇ. ಅದ್ವಾ ಹಾಡುವಾಗ ಅಮ್ಮ ಜೊತೆಗೆ ಮೆಲ್ಲಗೆ ಗುನುಗುತ್ತಿದ್ದಳು. ಈಗ ಒಬ್ಬಳೇ ಹಾಡಿದರೆ, ಆ ಇನ್ನೊಂದು ದನಿ ಇಲ್ಲದ್ದು ಕೇಳಿಸಿಬಿಡುತ್ತದೆ.

"ಯಾಕೆ ಪುಟ್ಟಾ?"

"ಉತ್ತರ ನಿಂಗೂ ಗೊತ್ತು, ನಂಗೂ ಗೊತ್ತು. ಮತ್ಯಾಕೆ ಕೇಳ್ಬೇಕು?"

ಹೊರಗೆ ಕತ್ತಲಾಗಿತ್ತು. ಅಪ್ಪ ಪ್ರಾರ್ಥನೆ ಹೇಳಿದ. ಒಂದು ರೊಟ್ಟಿಯನ್ನು ಮುರಿದಿಟ್ಟ.

"ಬಾಗಿಲಾದ್ರೂ ತೆಗೀತೀಯಾ?"

‘ಹಸಿದವರೆಲ್ಲ ಬಂದು ಉಣ್ಣಲಿ’ ಎನ್ನುವಾಗ ಬಾಗಿಲು ತೆರೆದಿರಬೇಕು ಎಂಬುದು ಅವರ ಮನೆಯ ರೂಢಿ. ಅದ್ವಾ ಹೋಗಿ ತೆರೆದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಎದುರು ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ದನಿ ಬರುತ್ತಿತ್ತು. ಮೆನಶೆ ಅಜ್ಜನ ದನಿ. ಅವಳು ಮೆಟ್ಟಿಲು ಹಾರಿ ಬಂದಾಗಲೆಲ್ಲ "ಆನೆ ಬಂತು, ಬಿಲ್ಡಿಂಗ್ ಬಿದ್ದೋಗುತ್ತೆ!" ಎಂದು ಗದರುವ ಗಡಸು ದನಿ. ಈಗ ಅದು ಚಿಕ್ಕ ಮಕ್ಕಳ ರಾಗದಲ್ಲಿ ಹಾಡುತ್ತಿತ್ತು.

‘ಉಳಿದ ರಾತ್ರಿಗಳಿಗಿಂತ ಈ ರಾತ್ರಿ ಯಾಕೆ ಬೇರೆ?’

ಹಾಡು ಮುಗಿಯಿತು. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ.

ಅದ್ವಾ ಒಳಗೆ ಓಡಿ ಬಂದಳು. "ಅಪ್ಪಾ, ಅಜ್ಜ ಯಾರ್ನ ಕೇಳ್ತಿದಾರೆ? ಅವರ ಮನೆ ಅಜ್ಜಿ ಚಳಿಗಾಲದಲ್ಲೇ ತೀರ್ಕೊಂಡ್ರಲ್ವಾ?"

"ತಮ್ಮನ್ನೇ ಕೇಳ್ಕೋತಿದಾರೆ. ಒಬ್ಬರೇ ಇದ್ರೂ ಕೇಳ್ಲೇಬೇಕು."

"ಉತ್ತರ?"

"ಅದನ್ನೂ ಅವರೇ ಹೇಳ್ಕೋಬೇಕು."

ಅದ್ವಾ ಅಪ್ಪನ ಮುಂದಿದ್ದ ಹಬ್ಬದ ಕತೆಯ ಪುಸ್ತಕ ನೋಡಿದಳು. ಅಪ್ಪನ ಬೆರಳು ಆ ಪ್ರಶ್ನೆಯ ಸಾಲಿನ ಮೇಲೆಯೇ ಇತ್ತು.

ಅವಳು ಮತ್ತೆ ಹೊರಗೆ ಹೋದಳು. ಬೆಲ್ ಕಡೆಗೆ ಹೋದ ಕೈಯನ್ನು ತಟ್ಟನೆ ಹಿಂದೆ ತೆಗೆದಳು. ಹಬ್ಬದ ದಿನ ಕರೆಂಟಿನ ಗುಂಡಿ ಯಾವುದನ್ನೂ ಮುಟ್ಟಬಾರದು, ಬೆಲ್ ಕೂಡ ಒತ್ತುವಂತಿಲ್ಲ. ಬಾಗಿಲು ತಟ್ಟಿದಳು.

"ಯಾರದು? ಆನೇನಾ?"

"ಹೂಂ ಅಜ್ಜ. ನಮ್ಮನೆಗೆ ಬನ್ನಿ. ಒಂದು ತಟ್ಟೆ ಜಾಸ್ತಿ ಇದೆ."

ಬಾಗಿಲು ತೆರೆಯಿತು. ಅಜ್ಜ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಹಿಂದೆ ಮೇಜಿನ ಎರಡೂ ಬದಿಗೆ ಕುರ್ಚಿಗಳಿದ್ದವು. ಹಬ್ಬದ ರೂಢಿಯಂತೆ ಒರಗಿ ಕೂರಲು ಎರಡರ ಮೇಲೂ ದಿಂಬು ಇಟ್ಟಿದ್ದರು.

"ಬರೋಕಾಗಲ್ಲ ಮಗು. ಅವಳ ಕುರ್ಚೀನ ಒಂಟಿ ಬಿಟ್ಟು ಈ ವರ್ಷ ಹೇಗೆ ಬರ್ಲಿ?"

ಅದ್ವಾ ಆ ಖಾಲಿ ಕುರ್ಚಿಯತ್ತ ನೋಡಿದಳು. "ಹಾಗಾದ್ರೆ ಬಾಗಿಲು ಮುಚ್ಚಬೇಡಿ."

"ಸೊಳ್ಳೆ ಬರುತ್ತೆ."

"ಬರ್ಲಿ ಬಿಡಿ. ಹಸಿದವರೆಲ್ಲ ಬಂದು ಉಣ್ಲಿ ಅಂತ ನೀವೂ ಹೇಳಿರ್ತೀರಲ್ಲ?"

ಅಜ್ಜನ ಮೀಸೆ ಸ್ವಲ್ಪ ಅಲುಗಿತು.

ಅದ್ವಾ ವಾಪಸು ಬಂದು ತನ್ನ ಕುರ್ಚಿಯ ಪಕ್ಕ ನಿಂತು ಹಾಡತೊಡಗಿದಳು. ಅಮ್ಮ ಗುನುಗುತ್ತಿದ್ದ ಜಾಗ ಬಂತು. ಆದರೂ ನಿಲ್ಲಿಸಲಿಲ್ಲ. ಮೆಟ್ಟಿಲು ದಾಟಿ ಕೇಳುವಷ್ಟು ಜೋರಾಗಿ ಹಾಡಿದಳು.

ಅಪ್ಪ ಬಾಯಿ ತೆರೆಯುವ ಮೊದಲೇ ಎದುರು ಮನೆಯಿಂದ ಉತ್ತರ ಬಂತು: "ಈಜಿಪ್ಟಿನಲ್ಲಿ ನಾವು ಗುಲಾಮರಾಗಿದ್ದೆವು..." ಹಿಂದೆಯೇ ಅಪ್ಪನ ದನಿ ಸೇರಿಕೊಂಡಿತು. ಒಂದು ಮುಂದೆ ಓಡುತ್ತಿತ್ತು, ಇನ್ನೊಂದು ಹಿಂದೆ ಉಳಿಯುತ್ತಿತ್ತು.

ಅಮ್ಮನೂ ಈಗ ಎಲ್ಲೋ ಒಂದು ಮೇಜಿನ ಮುಂದೆ ಕೂತಿರಬೇಕು. ಅಲ್ಲಿ ಪ್ರಶ್ನೆ ಕೇಳಲು ಯಾರಿದ್ದಾರೆ?

ಅದ್ವಾ ಸದ್ದಾಗದಂತೆ ಅಡುಗೆಮನೆಗೆ ಹೋದಳು. ಮೂರನೆಯ ತಟ್ಟೆಯನ್ನು ತಂದು ಅದರ ಜಾಗದಲ್ಲಿಟ್ಟಳು.

ಅಪ್ಪ ನೋಡಿದ. ಕತೆ ನಿಲ್ಲಿಸಲಿಲ್ಲ.