ಮತ್ತೆ ಮತ್ತೆ ಓದಿದವನು

“ಆ ಖುರ್ಚಿ ಮ್ಯಾಲ ಕುಂದರಬ್ಯಾಡ್ರಿ, ಕಾಲು ಮುರದೈತಿ. ಹೊಸದಾಗಿ ಬಂದೀರೇನು? ಪಿಎಸ್‌ಐಗೋ, ಎಫ್‌ಡಿಎಗೋ?”

ಮೂಡಲಗಿಯ ವಾಚನಾಲಯದಲ್ಲಿ ಯಶೋಧರಾಳಿಗೆ ಸಿಕ್ಕ ಸ್ವಾಗತ ಇದು. ಕೇಳಿದವನು ತನ್ನ ಗಟ್ಟಿ ಖುರ್ಚಿಯನ್ನು ಅವಳ ಕಡೆ ಸರಿಸಿ, ತಾನು ಮುರುಕಿನ ಮೇಲೆ ಹುಷಾರಾಗಿ ಕೂತ.

“ಪರೀಕ್ಷಾ ಬರಿಯಾಕ ಅಲ್ರಿ, ಪರೀಕ್ಷಾ ತಗೊಳ್ಳಾಕ ಬಂದೇನಿ,” ಎಂದಳು ಅವಳು.

ಆಗ ಅವನ ಮುಖ ನೋಡಬೇಕಿತ್ತು. ಮೆಲ್ಲಗೆ ಎದ್ದು ನಿಂತ, ಕಿವಿಯೆಲ್ಲ ಕೆಂಪಾಗಿತ್ತು. ಕಲ್ಲೋಳಿಯ ಶುಭಮ್ ಅವನು. ಬೆಳಗಿನ ಹೊತ್ತು ಹಾಲಿನ ಗಾಡಿ ಓಡಿಸಿ, ಆಮೇಲೆ ಇಲ್ಲಿ ಕೂತು ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ. ವಯಸ್ಸಿನ ಮಿತಿ ಮುಗಿಯುತ್ತ ಬಂದಿತ್ತು, ಇದೇ ಅವನಿಗೆ ಕೊನೆಯ ಅವಕಾಶ.

ಹುಕ್ಕೇರಿಯ ಯಶೋಧರಾ ಶೈಕ್ಷಣಿಕ ಮನೋವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಹೇಗೆ ಓದಿದರೆ ತಲೆಯಲ್ಲಿ ನಿಲ್ಲುತ್ತದೆ ಎನ್ನುವುದೇ ಅವಳ ವಿಷಯ. ಅಲ್ಲಿ ಓದುತ್ತಿದ್ದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದಳು. ಒಂದು ಗುಂಪಿನವರು ಪಾಠವನ್ನು ಮತ್ತೆ ಮತ್ತೆ ಓದಬೇಕು, ಗೆರೆ ಎಳೆಯಬೇಕು. ಇನ್ನೊಂದು ಗುಂಪಿನವರು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಹೇಳಬೇಕು. ಪ್ರತಿ ಶನಿವಾರ ಅವಳು ಹುಕ್ಕೇರಿಯಿಂದ ಗೋಕಾಕದಲ್ಲಿ ಬಸ್ಸು ಬದಲಿಸಿ ಬಂದು ಎಲ್ಲರಿಗೂ ಟೆಸ್ಟ್ ಕೊಡುತ್ತಿದ್ದಳು. ಯಾವುದು ಒಳ್ಳೆಯ ದಾರಿ ಎಂದು ಕೊನೆಯವರೆಗೆ ಯಾರಿಗೂ ಹೇಳುವಂತಿಲ್ಲ, ಹೇಳಿದರೆ ಸಂಶೋಧನೆಯೇ ಕೆಡುತ್ತದೆ.

ಶುಭಮ್ ಓದುವ ಗುಂಪಿಗೆ ಬಿದ್ದ.

“ಮನ್ಯಾಗೂ ಹಿಂಗ ಓದ್ರಿ. ಬ್ಯಾರೆ ಏನೂ ಮಾಡಬ್ಯಾಡ್ರಿ,” ಎಂದಳು ಯಶೋಧರಾ.

“ನೀವು ಹೇಳಿದ ಮ್ಯಾಲ ಮುಗೀತ್ರಿ.”

ಹೇಳಿದ ಹಾಗೆಯೇ ಓದಿದ ಪುಣ್ಯಾತ್ಮ. ಆದರೆ ಟೆಸ್ಟ್ ಬರೆಯುವಾಗ ಮಾತ್ರ ಅವಳನ್ನೇ ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಫ್ಯಾನ್ ನೋಡುತ್ತಿದ್ದ. ಕರೆಂಟು ಹೋಗಿ ಫ್ಯಾನ್ ನಿಂತಾಗಲೂ ಅದನ್ನೇ ನೋಡುತ್ತಿದ್ದ.

“ಪೇಪರ್ ಇಲ್ಲೈತ್ರಿ, ಮ್ಯಾಲ ಇಲ್ಲ.”

“ನಾ ಓದೂ ಗುಂಪಿನಾಂವ ಅಲ್ರಿ ಮೇಡಂ? ಮತ್ತ ಮತ್ತ ನೋಡಂತ ನೀವ ಹೇಳೀರಿ.”

ನಗು ತಡೆಯಲಾರದೆ ಅವಳು ಪೇಪರಿನ ಕಟ್ಟನ್ನು ಮುಖಕ್ಕೆ ಅಡ್ಡ ಹಿಡಿದಳು. ಬರುಬರುತ್ತ ನಾಳೆ ಯಾವ ಸೀರೆ ಎಂದು ಶುಕ್ರವಾರವೇ ಯೋಚಿಸತೊಡಗಿದಳು. ಪ್ರೀತಿ ಹೀಗೇ ನೋಡಿ, ಬಾಗಿಲು ಬಡಿಯದೆ ಒಳಗೆ ಬಂದು ಕೂರುತ್ತದೆ. ಕೂತ ಮೇಲೆ ಎಬ್ಬಿಸಿ ಕಳಿಸುವುದು ಯಾರ ಕೈಲೂ ಆಗುವುದಿಲ್ಲ.

ಆದರೆ ಅವನ ಅಂಕಗಳು ಇಳಿಯುತ್ತಿದ್ದವು. ಮೊದಲ ಟೆಸ್ಟಿನಲ್ಲಿ ಎಲ್ಲರಿಗಿಂತ ಮುಂದಿದ್ದವನನ್ನು, ಪುಸ್ತಕ ಮುಚ್ಚಿ ಹೇಳುವವರು ಒಬ್ಬೊಬ್ಬರಾಗಿ ದಾಟಿದರು. ಅವಳ ಸಂಶೋಧನೆ ಮುಗಿಯುವುದು ಪಿಎಸ್‌ಐ ಪರೀಕ್ಷೆ ಆದ ಮೇಲೆ. ತಡೆಯಲಾರದೆ ಗೈಡ್‌ಗೆ ಫೋನ್ ಮಾಡಿದಳು.

“ಮುಗಿದ ಮೇಲೆ ಎಲ್ಲರಿಗೂ ಹೇಳಿಕೊಡೋಣಮ್ಮ,” ಎಂದರು ಅವರು. “ನಡುವೆ ಬಾಯಿ ಬಿಟ್ಟರೆ ಇಷ್ಟು ದಿನದ ಕೆಲಸ ನೀರಲ್ಲಿ ಹೋಮ.”

ಬಾಯಲ್ಲಿ ಬಿಸಿ ತುಪ್ಪ. ಉಗುಳುವಂತಿಲ್ಲ, ನುಂಗುವಂತಿಲ್ಲ. ಶನಿವಾರ ಬರಲೆಂದು ಹಂಬಲಿಸುವವಳು ಅವಳೇ, ಶನಿವಾರ ಬಂತೆಂದು ಹೆದರುವವಳೂ ಅವಳೇ.

ಅಂಥದ್ದೇ ಒಂದು ಶನಿವಾರ ಮರಳಿ ಹೊರಟಾಗ, ಕಲ್ಲೋಳಿಯಲ್ಲಿ ಬಸ್ಸು ಹತ್ತಿದ ಒಬ್ಬ ಹೆಂಗಸು ಅವಳ ಬಾಜೂ ಕೂತು ಮುಖವನ್ನೇ ದಿಟ್ಟಿಸಿದಳು.

“ನೀ ಟೆಸ್ಟ್ ಮೇಡಂ ಅಲ್ಲೇನವಾ? ಶುಭಮ್ ಫೋನಿನ್ಯಾಗ ಫೋಟೋ ತೋರಿಸ್ಯಾನ. ನಾ ಅವನ ಅವ್ವ, ಇಂದ್ರವ್ವ.”

ಯಶೋಧರಾ ನಾಚಿ ಸೆರಗು ಸರಿಮಾಡಿಕೊಂಡಳು. ಇಂದ್ರವ್ವ ಮಾತು ಬಿಚ್ಚಿದಳು.

“ಮೊದಲ ನಾ ರೊಟ್ಟಿ ಬಡಿಯೂ ಮುಂದ ಒಲಿ ಹಂತ್ಯಾಕ ಕುಂತು, ಪುಸ್ತಕ ಮುಚ್ಚಿಟ್ಟು, ಓದಿದ್ದೆಲ್ಲಾ ನನಗ ಹೇಳತಿದ್ದ. ನನಗ ಅಕ್ಷರ ಬರೂದಿಲ್ಲ, ಏನ್ ತಿಳೀಬೇಕವಾ? ತಿಳೀಲಿಲ್ಲೋ ಅಂದ್ರ ಮತ್ತ ಮೊದಲಿಂದ ಹೇಳಾಂವ. ಈಗ ಮೇಡಂ ಬರೇ ಓದು ಅಂದಾರ ಅಂತ ಗ್ವಾಡಿ ಕಡೆ ಮಾರಿ ಮಾಡಿ ಕುಂದರತಾನ. ಇರಲಿ, ನೀ ಕಲತಾಕಿ, ನೀ ಹೇಳಿದ್ದು ಖರೆ ಇರತೈತಿ.”

ಯಶೋಧರಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಸರಿಯಾದ ದಾರಿ ಅವನ ಮನೆಯ ಒಲೆಯ ಮುಂದೆಯೇ ಇತ್ತು. ಅದನ್ನು ಕೈಯಾರೆ ಕಿತ್ತುಕೊಂಡವಳು ತಾನು.

ಗೋಕಾಕ ಸ್ಟ್ಯಾಂಡಿನಲ್ಲಿ ಹುಕ್ಕೇರಿ ಬಸ್ಸು ಹೊರಡಲು ನಿಂತಿತ್ತು. ಅವಳು ಹತ್ತಲಿಲ್ಲ. ಸಂಶೋಧನೆ ಕೆಟ್ಟರೆ ಕೆಡಲಿ, ಗೈಡ್ ಬೈದರೆ ಬೈಯಲಿ ಎಂದುಕೊಂಡು ಮೂಡಲಗಿ ಬಸ್ಸಿನಲ್ಲಿ ಮತ್ತೆ ಹಿಂದಕ್ಕೆ ಹೋದಳು. ವಾಚನಾಲಯದ ಬಾಗಿಲು ಹಾಕುತ್ತಿದ್ದರು. ಶುಭಮ್ ಮೆಟ್ಟಿಲಿಳಿದು ಬರುತ್ತಿದ್ದ.

“ಏನರ ಮರತ್ರೇನು ಮೇಡಂ?”

“ಬರೇ ಓದಬ್ಯಾಡ್ರಿ. ಮೊದಲಿನಂಗ ಪುಸ್ತಕ ಮುಚ್ಚಿ ನಿಮ್ಮ ಅವ್ವನ ಮುಂದ ಹೇಳ್ರಿ. ಅದ ಛಲೋ ದಾರಿ. ಗುಂಪಿನಿಂದ ನಿಮ್ಮ ಹೆಸರು ತಗೀತೇನಿ.”

ಅವನು ಮೆಟ್ಟಿಲ ಮೇಲೆಯೇ ನಿಂತ.

“ಪರೀಕ್ಷಾ ಮುಂದಿನ ರವಿವಾರ ಐತ್ರಿ. ಇಷ್ಟರಾಗ ಆಕ್ಕೈತೇನ್ರಿ?”

ಆಗುತ್ತದೆ ಎಂದು ಒಂದು ಸುಳ್ಳು ಹೇಳಬಹುದಿತ್ತು. ಓದಿದ ವಿದ್ಯೆ ನಾಲಿಗೆ ಹಿಡಿಯಿತು.

“ಭಾಳ ಕಷ್ಟ ಐತ್ರಿ,” ಎಂದಳು.

ಹಾಗೇ ಆಯಿತು. ಫಲಿತಾಂಶ ಬಂದಾಗ ಅವನ ಹೆಸರು ಇರಲಿಲ್ಲ. ಕೂದಲೆಳೆಯಲ್ಲಿ ತಪ್ಪಿತ್ತು, ಅದೇ ಹೊಟ್ಟೆ ಉರಿಯುವ ಮಾತು.

ಯಶೋಧರಾ ಕಲ್ಲೋಳಿಗೆ ಹೋದಳು. ಇಂದ್ರವ್ವ ನೀರು ಕೊಟ್ಟು, ಮಗನ ಮುಖ ಒಮ್ಮೆ ನೋಡಿ, ಒಳಗೆ ಹೋದಳು. ಶುಭಮ್ ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದ.

“ಇದೆಲ್ಲಾ ನನ್ನಿಂದ ಆತ್ರಿ,” ಎಂದಳು ಯಶೋಧರಾ.

“ನಿಮ್ಮಿಂದ ಅಲ್ರಿ.” ಅವನು ತಲೆ ಎತ್ತಲಿಲ್ಲ. “ಓದಿದ್ದು ತಲ್ಯಾಗ ನಿಂದ್ರವಲ್ದು ಅಂತ ನನಗ ಮೊದಲ ಗೊತ್ತಾಗಿತ್ತು. ಕದ್ದು ಅವ್ವನ ಮುಂದ ಹೇಳಿದ್ರ ನಿಮ್ಮ ಲೆಕ್ಕಾ ಸುಳ್ಳಾಕ್ಕಿತ್ತು.”

“ಗೊತ್ತಿದ್ರೂ ಗುಂಪು ಯಾಕ ಬಿಡಲಿಲ್ರಿ?”

“ಬಿಟ್ರ ಶನಿವಾರ ನಿಮ್ಮ ಮುಂದ ಕುಂದರಾಕ ನನಗ ಏನ್ ನೆವ ಇತ್ರಿ?”

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಎಷ್ಟು ಓದಿದರೇನು, ಇಂಥ ಪ್ರೀತಿಯ ಎದುರು ಏನು ಮಾಡಬೇಕೆಂದು ಯಾವ ಪುಸ್ತಕವೂ ಅವಳಿಗೆ ಕಲಿಸಿರಲಿಲ್ಲ.

“ನೌಕರಿ ಹೋತಲ್ರಿ,” ಎಂದಳು ಅಳುತ್ತ.

“ಹೋತ್ರಿ.” ಅವನ ಕಣ್ಣೂ ತುಂಬಿತ್ತು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳಿಂದ ಒಂದು ಮಾರು ದೂರದಲ್ಲಿ ಕೂತ. “ಇನ್ನ ಶನಿವಾರ ನೀವು ಬರೂದಿಲ್ಲ ಹಂಗಾರ.”

“ಬರತೇನಿ.”

“ಗುಂಪಿನ್ಯಾಗ ನಾ ಇಲ್ಲ, ನಿಮ್ಮ ಟೆಸ್ಟೂ ನನ್ನ ಪರೀಕ್ಷಾನೂ ಮುಗದಾವು. ಏನಂತ ಬರತೀರಿ?”

ಯಶೋಧರಾ ಆ ಒಂದು ಮಾರು ದೂರವನ್ನು ತಾನೇ ಸರಿದು ಮುಗಿಸಿದಳು.

“ಏನಂತನೂ ಇಲ್ಲೋ ಹುಚ್ಚಾ. ಸುಮ್ನ ಬರತೇನಿ.”