ಹೊರಗಿನವರ ಪಟ್ಟಿಯಲ್ಲಿ ಇಂದ್ರಮ್ಮ

“ಈ ಬೀದೀಲಿ ಟ್ರೈನಿಂಗ್ ಸ್ಕೂಲಿನವರು ಯಾರಾದ್ರೂ ಬಾಡಿಗೆಗಿದ್ದಾರಾ?”

ಯಾರೋ ಜೋರಾಗಿ ಕೂಗಿದ್ದು ಕೇಳಿ ಇಂದ್ರಮ್ಮ ಬೆಚ್ಚಿದಳು. ಓದುತ್ತಿದ್ದ ಪುಸ್ತಕ ಅಲ್ಲೇ ಬಿಟ್ಟು ಬಾಗಿಲಿಗೆ ಓಡಿ ಬಂದಳು.

“ರೀ! ಕೂಗಬೇಡಿ!”

ಬೀದಿಯಲ್ಲಿ ನಿಂತಿದ್ದ ಯುವಕ ತಬ್ಬಿಬ್ಬಾದ. ಬಿಳಿ ಪಂಚೆ, ಮುಚ್ಚು ಕೋಟು, ಕಂಕುಳಲ್ಲೊಂದು ಉದ್ದನೆಯ ರಿಜಿಸ್ಟರು. ಇಂದ್ರಮ್ಮನಿಗೆ ಗುರುತು ಸಿಕ್ಕಿತು. ಚನ್ನಮಲ್ಲಯ್ಯ! ಶಿರಾದ ಕಡಲೆಕಾಯಿ ವ್ಯಾಪಾರದವರ ಮಗ, ವಿದ್ಯಾರ್ಥಿ ಸಂಘದ ಹೊಸ ಕಾರ್ಯದರ್ಶಿ.

ಅದು ಸಾವಿರದ ಒಂಬೈನೂರ ನಲವತ್ತಾರನೇ ಇಸವಿ. ಮಧುಗಿರಿಯ ಆ ಉಪಾಧ್ಯಾಯರ ಟ್ರೈನಿಂಗ್ ಸ್ಕೂಲಿನಲ್ಲಿ ನೂರಕ್ಕೂ ಹೆಚ್ಚು ಜನ ಓದುತ್ತಿದ್ದರು. ಹೆಣ್ಣುಮಕ್ಕಳು ಮಾತ್ರ ಐದೇ ಜನ. ಹಾಸ್ಟೆಲು ಗಂಡಸರಿಗಷ್ಟೇ. ಅಲ್ಲಿ ಜಾಗ ಸಿಗದವರು ಊರಲ್ಲಿ ಕೋಣೆ ಹಿಡಿಯಬೇಕು, ಇಲ್ಲವೇ ಹಳ್ಳಿಯಿಂದ ದಿನಾ ನಡೆದು ಬರಬೇಕು. ಎಲ್ಲರೂ ಅವರನ್ನು “ಹೊರಗಿನವರು” ಎನ್ನುತ್ತಿದ್ದರು.

“ಹೊರಗಿನವರ ಪಟ್ಟಿ ಮಾಡ್ತಿದ್ದೀನಿ. ಏನು ತೊಂದರೆ ಇದೆ, ಸಂಘದಿಂದ ಏನಾಗಬೇಕು, ಕೇಳೋಣ ಅಂತ...” ಎಂದ ಅವನು.

ಇಂದ್ರಮ್ಮನಿಗೆ ಸಿಟ್ಟು ಬಂತು.

“ಈಗ ನೆನಪಾಯ್ತಾ? ಹೋದ ತಿಂಗಳು ಪಾಠ ಮಾಡೋ ಪರೀಕ್ಷೆಯ ನೋಟೀಸು ಎಲ್ಲಿ ಅಂಟಿಸಿದ್ರಿ? ಹಾಸ್ಟೆಲಿನ ಊಟದ ಮನೇಲಿ! ಅಲ್ಲಿ ಊಟ ಮಾಡದೋರಿಗೆ ಹೆಂಗೆ ಗೊತ್ತಾಗಬೇಕು? ಮೂರು ಜನಕ್ಕೆ ಪರೀಕ್ಷೆ ತಪ್ಪಿಹೋಯ್ತು!”

ಅವನು ತಲೆ ತಗ್ಗಿಸಿದ.

“ತಪ್ಪಾಯ್ತು. ಅದಕ್ಕೇ ಮನೆಮನೆಗೂ ಬರ್ತಿದ್ದೀನಿ.”

ಇಷ್ಟು ಬೇಗ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಅವಳು ಕಂಡಿರಲಿಲ್ಲ. ಅವಳ ದನಿ ತಾನಾಗಿ ಇಳಿಯಿತು. ಹೆಸರು, ಊರು ಹೇಳಿದಳು. ಹೊಳವನಹಳ್ಳಿ. ಅವನು ಬರೆದುಕೊಂಡ.

“ಪೋಷಕರು?”

“ಸೋದರಮಾವ... ಪರ್ವತಯ್ಯ ಅಂತ. ಅಮಲ್ದಾರ್ ಕಚೇರೀಲಿ ಗುಮಾಸ್ತರು. ಅವರ ಜೊತೇಲೇ ಇದ್ದೀನಿ.”

ಮನೆಯೊಡತಿ ಚಿಕ್ಕಲಕ್ಷ್ಮಮ್ಮ ಅದೇ ಹೊತ್ತಿಗೆ ಮೊರ ಹಿಡಿದು ಹೊರಗೆ ಬಂದಳು.

“ಯಾವ ಮಾವ ತಾಯಿ? ಅವ್ರು ವರ್ಗವಾಗಿ ಪಾವಗಡಕ್ಕೋಗಿ ನಾಕ್ ತಿಂಗ್ಳಾಯ್ತಲ್ಲ ಕಣಮ್ಮ!”

ಇಂದ್ರಮ್ಮನ ಮುಖದಲ್ಲಿ ರಕ್ತವೇ ಇಳಿದುಹೋಯಿತು.

ಪೋಷಕರಿಲ್ಲದೆ ಹೆಣ್ಣುಮಕ್ಕಳು ಊರಲ್ಲಿರುವಂತಿಲ್ಲ. ಅದು ಸ್ಕೂಲಿನ ಕಟ್ಟುನಿಟ್ಟಾದ ನಿಯಮ. ತಂದೆ ತೀರಿಕೊಂಡ ಮೇಲೆ ಅಣ್ಣ ಅವಳನ್ನು ಓದಲು ಬಿಟ್ಟಿದ್ದೇ ದೊಡ್ಡದು. “ಒಂದು ಮಾತು ಬಂದ್ರೂ ಓದು ಅಲ್ಲಿಗೆ ನಿಲ್ತು” ಎಂದು ಹೇಳಿಯೇ ಕಳಿಸಿದ್ದ. ಮಾವ ಹೋದ ಸುದ್ದಿಯನ್ನು ಅವಳು ಊರಿಗೂ ಹೇಳಿರಲಿಲ್ಲ, ಸ್ಕೂಲಿಗೂ ಹೇಳಿರಲಿಲ್ಲ.

“ಬರೀಬೇಡಿ...” ಅವಳ ಕಣ್ಣು ತುಂಬಿತು. “ಕೊನೇ ಪರೀಕ್ಷೆಗೆ ಇನ್ನೊಂದೂವರೆ ತಿಂಗಳು ಅಷ್ಟೇ. ದಮ್ಮಯ್ಯ, ಬರೀಬೇಡಿ.”

ಚನ್ನಮಲ್ಲಯ್ಯ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ರಿಜಿಸ್ಟರು ಮುಚ್ಚಿದ.

“ನಾನೇನೂ ಕೇಳಿಸ್ಕೊಳ್ಳಲಿಲ್ಲ” ಎಂದು ಹೇಳಿ ಹೊರಟೇಹೋದ.

ಮುಂದಿನ ವಾರದಿಂದ ನೋಟೀಸುಗಳು ಊರಿಗೇ ಬಂದವು. ಸಂತೆ ಮೈದಾನದ ಗೋಡೆಗೊಂದು, ಹಳ್ಳಿಗಳಿಂದ ನಡೆದು ಬರುವವರ ಕಣ್ಣಿಗೆ ಬೀಳುವಂತೆ ರಸ್ತೆ ಬದಿಯ ಮಂಟಪಕ್ಕೊಂದು. ಎಲ್ಲವೂ ಅವನ ದುಂಡನೆಯ ಕೈಬರಹದಲ್ಲಿ! ಸ್ಕೂಲಿನ ಹಿಂದಿನ ಪಾಳು ಕೋಣೆ ಗುಡಿಸಿ, ಒಂದು ಹಂಡೆ ನೀರಿಟ್ಟು, ಹೊರಗಿನವರು ಕೂತು ಬುತ್ತಿ ಉಣ್ಣಲು ಜಾಗ ಮಾಡಿಸಿದ. ಅಲ್ಲಿಯವರೆಗೆ ಅವರೆಲ್ಲ ಬಿಸಿಲಲ್ಲಿ ಕಾಂಪೌಂಡಿಗೆ ಒರಗಿ ಉಣ್ಣುತ್ತಿದ್ದರು.

ದಾರಿಯಲ್ಲಿ ಎದುರಾದರೆ ಅವನು ಒಂದೇ ಮಾತು ಕೇಳುತ್ತಿದ್ದ.

“ನೋಟೀಸು ನೋಡಿದ್ರಾ?”

“ನೋಡಿದೆ.”

ಅಷ್ಟೇ. ಆದರೆ ಆ ಅಷ್ಟಕ್ಕೇ ದಿನವಿಡೀ ಅವಳ ಮನಸ್ಸು ಹಗುರ. ‘ಛೆ! ನನಗೇನಾಗಿದೆ?’ ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ನೋಟೀಸನ್ನು ಎರಡೆರಡು ಸಲ ಓದುತ್ತಿದ್ದಳು.

ಹೀಗಿರುವಾಗ ಒಂದು ಗುರುವಾರ ಹೆಡ್‌ಮಾಸ್ಟರು ಚಂದ್ರಶೇಖರಯ್ಯನವರಿಂದ ಕರೆ ಬಂತು.

ಮೇಜಿನ ಮೇಲೆ ಅದೇ ಉದ್ದನೆಯ ರಿಜಿಸ್ಟರು!

“ಹೊರಗಿನವರಿಗೆ ಸೌಕರ್ಯ ಬೇಕು ಅಂತ ಸಂಘದವರು ಅರ್ಜಿ ಕೊಟ್ಟಿದ್ದಾರೆ. ಜೊತೆಗೆ ಈ ಪಟ್ಟಿ” ಎಂದರು ಅವರು. “ನಲವತ್ತೊಂದು ಹೆಸರು. ಎಲ್ಲರ ಮುಂದೂ ಪೋಷಕರ ಹೆಸರಿದೆ. ನಿನ್ನ ಮುಂದೆ ಮಾತ್ರ ಖಾಲಿ. ಯಾಕೆ ಅಂತ ವಿಚಾರಿಸಿದೆ. ನಿಮ್ಮ ಮಾವ ಈ ಊರಲ್ಲೇ ಇಲ್ಲವಂತೆ!”

ಅವರು ರಿಜಿಸ್ಟರು ಮುಚ್ಚಿದರು.

“ಸೋಮವಾರ ಪೋಷಕರ ಜೊತೆ ಬಾ. ಇಲ್ಲದಿದ್ದರೆ ನಿಮ್ಮ ಅಣ್ಣನಿಗೆ ಕಾಗದ ಬರೀತೀನಿ.”

ಯಾರು ಹೇಳಿದರು? ಸ್ಕೂಲಿನಲ್ಲಿ ಗೊತ್ತಿದ್ದವನು ಒಬ್ಬನೇ... ಅವಳು ಸೀದಾ ಹಿಂದಿನ ಕೋಣೆಗೆ ನಡೆದಳು. ಚನ್ನಮಲ್ಲಯ್ಯ ಹಂಡೆಗೆ ನೀರು ತುಂಬಿಸುತ್ತಿದ್ದ.

“ಹೇಳಿಬಿಟ್ರಲ್ಲ!”

ಅವನು ಬೆಚ್ಚಿ ತಿರುಗಿದ. “ಇಲ್ಲ! ನಾನು ಯಾರಿಗೂ ಹೇಳಿಲ್ಲ, ಇಂದ್ರಮ್ಮನವರೇ.”

“ಮತ್ತೆ ಖಾಲಿ ಯಾಕೆ ಬಿಟ್ರಿ? ಮಾವನ ಹೆಸರು ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಸುಳ್ಳು ಬರೆಯೋಕೆ ಕೈ ಬರಲಿಲ್ಲ. ನಿಜ ಬರೆಯೋಕೆ... ಮನಸ್ಸು ಬರಲಿಲ್ಲ.”

“ಆ ಖಾಲಿ ಜಾಗವೇ ನನ್ನ ಕುತ್ತಿಗೆಗೆ ಬಂತು! ಹಾಸ್ಟೆಲಿನಲ್ಲಿ ನೆಮ್ಮದಿಯಾಗಿ ಮಲಗೋ ನಿಮಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ? ಇನ್ನೊಂದು ಸಲ ನನ್ನ ಕಣ್ಣಿಗೆ ಬೀಳಬೇಡಿ!”

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು. ಮನೆ ಸೇರುವವರೆಗೂ ಕಣ್ಣೀರು ತಡೆದುಕೊಂಡಿದ್ದೇ ಹೆಚ್ಚು.

ಶುಕ್ರವಾರ ಅವನು ಸ್ಕೂಲಿಗೆ ಬರಲಿಲ್ಲ. ಶನಿವಾರವೂ ಇಲ್ಲ. ‘ಮುಖ ತೋರಿಸೋಕೆ ಧೈರ್ಯ ಇಲ್ಲ’ ಎಂದುಕೊಂಡಳು. ಆದರೂ ಕಣ್ಣು ಅವನನ್ನೇ ಹುಡುಕುತ್ತಿತ್ತು... ಅದಕ್ಕೆ ತನ್ನ ಮೇಲೇ ಕೋಪ!

ಏಳು ಮೈಲಿ ದೂರದ ಹಳ್ಳಿಯಿಂದ ದಿನಾ ನಡೆದು ಬರುತ್ತಿದ್ದ ಸಹಪಾಠಿ ಕೆಂಪಯ್ಯ ಅಂದು ಬುತ್ತಿ ಬಿಚ್ಚುತ್ತಾ ಹೇಳಿದ:

“ನಿಮ್ಗೆ ಗೊತ್ತಿಲ್ವೇನಕ್ಕ? ಚನ್ನಮಲ್ಲಯ್ಯನೋರ್ನ ಕಾರ್ಯದರ್ಶಿ ಕೆಲ್ಸದಿಂದ ತೆಗೆದಾಕವ್ರೆ.”

“ಯಾಕೆ?!”

“ನಿಮ್ ಇಚಾರ ಏನೈತೆ ಎಲ್ಲ ಬರಕೊಡು ಅಂದ್ರಂತೆ ಹೆಡ್‌ಮಾಸ್ಟ್ರು, ಬುಧವಾರವೇ. ಅವ್ರು ‘ಬರೆಯಾಕಿಲ್ಲ’ ಅಂದ್ಬುಟ್ರಂತೆ. ಆಮ್ಯಾಕೆ ಜವಾನನ್ನ ಅಮಲ್ದಾರ್ ಕಚೇರಿಗೆ ಕಳ್ಸಿ ನಿಮ್ ಮಾವನ ವರ್ಗಾವಣೆ ಇಚಾರ ತಿಳ್ಕಂಡವ್ರೆ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

ಬುಧವಾರವೇ! ಅಂದರೆ ಗುರುವಾರ ಅವಳು ಬೈಯುವಾಗ ಅವನು ಆಗಲೇ ಎಲ್ಲ ಕಳೆದುಕೊಂಡಿದ್ದ. ಅಧಿಕಾರ ಹೋದ ಮೇಲೂ ಹೊರಗಿನವರಿಗೆ ನೀರು ಹೊರುತ್ತಿದ್ದ. ಒಂದು ಮಾತೂ ಹೇಳಿಕೊಳ್ಳಲಿಲ್ಲ...

‘ಅಯ್ಯೋ ಶಿವನೇ, ಏನೆಲ್ಲ ಅಂದುಬಿಟ್ಟೆ!’

ಸೋಮವಾರ ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಒಗೆದ ಸೀರೆ ಉಟ್ಟು ಅವಳ ಜೊತೆ ಹೊರಟಳು. “ನಡಿ ತಾಯಿ, ನಾನಿಲ್ವಾ? ನನ್ ಬಾಯಿಂದ್ಲೇ ಈ ರಂಪ ಸುರುವಾಗಿದ್ದು. ನಾನೇ ಯೋಳ್ತೀನಿ.”

ಹೆಡ್‌ಮಾಸ್ಟರು ಒಪ್ಪಲಿಲ್ಲ. “ಕೋಣೆ ಕೊಟ್ಟವಳು ಪೋಷಕಿ ಆಗೋಲ್ಲಮ್ಮ. ಮನೆಯವರು ಒಪ್ಪಿರಬೇಕು.”

“ಒಂದ್ ದಿನ ವೊತ್ತು ಮುಳುಗಿದ್ಮೇಲೆ ಹೊಸ್ಲು ದಾಟಿಲ್ಲ ಸ್ವಾಮಿ ಈ ಮಗು! ನನ್ ಮಗ್ಳಿಗಿಂತ ಹೆಚ್ಚಾಗಿ ನೋಡ್ಕಂಡಿವ್ನಿ.”

ಅವರು ಕಾಗದ, ಮಸಿಬುಡ್ಡಿ ಹತ್ತಿರಕ್ಕೆ ಎಳೆದುಕೊಂಡರು. ಅಣ್ಣನಿಗೆ ಬರೆಯಲು! ಇಂದ್ರಮ್ಮ ಮುಂದೆ ಬಂದಳು.

“ಸಾರ್, ಮುಚ್ಚಿಟ್ಟಿದ್ದು ನಾನು. ನನಗೆ ಶಿಕ್ಷೆ ಕೊಡಿ. ಆದರೆ ನಿಯಮ ಮಾಡುವಾಗ ಹೆಣ್ಣುಮಕ್ಕಳು ಎಲ್ಲಿರಬೇಕು ಅಂತ ಯಾರೂ ಯೋಚಿಸಲಿಲ್ಲ. ಯೋಚಿಸಿದವರು ಒಬ್ಬರೇ. ಅವರ ಕೆಲಸ ಅವರಿಗೆ ವಾಪಸ್ ಕೊಡಿ, ಸಾರ್...”

“ಒಳಗೆ ಬರಬಹುದಾ, ಸಾರ್?”

ಬಾಗಿಲಲ್ಲಿ ಚನ್ನಮಲ್ಲಯ್ಯ! ಪಂಚೆ ಮೊಣಕಾಲವರೆಗೂ ಕೆಂಧೂಳಾಗಿತ್ತು. ಕುಂಟುತ್ತಾ ಬಂದು ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟ.

“ಪಾವಗಡಕ್ಕೆ ಹೋಗಿದ್ದೆ. ಬರುವಾಗ ಇದ್ದಿಲಿನಿಂದ ಓಡೋ ಬಸ್ಸು ಮಿಡಿಗೇಶಿ ಹತ್ತಿರ ಕೆಟ್ಟು ನಿಂತಿತು. ಅಲ್ಲಿಂದ ನಡೆದುಬಂದೆ. ಇದು ಪರ್ವತಯ್ಯನವರ ಕಾಗದ.”

ಹೆಡ್‌ಮಾಸ್ಟರು ಕನ್ನಡಕ ಏರಿಸಿ ಓದಿದರು. ‘ನನ್ನ ಸೋದರ ಸೊಸೆಯ ಪೋಷಣೆಯ ಹೊಣೆಯನ್ನು, ಪರೀಕ್ಷೆ ಮುಗಿಯುವವರೆಗೆ, ನಾನು ನಂಬಿರುವ ಮನೆಯೊಡತಿ ಚಿಕ್ಕಲಕ್ಷ್ಮಮ್ಮನವರಿಗೆ ವಹಿಸಿದ್ದೇನೆ. ಅವಳ ಅಣ್ಣನಿಗೂ ನಾನೇ ಬರೆದು ತಿಳಿಸುತ್ತೇನೆ.’

ಅವರು ಕಾಗದ ಮಡಿಸಿ, ಮಸಿಬುಡ್ಡಿಯ ಮುಚ್ಚಳ ಹಾಕಿದರು.

“ಪರೀಕ್ಷೆಗೆ ಕೂತ್ಕೊಮ್ಮ.” ಅವನ ಕಡೆ ತಿರುಗಿದರು. “ಆದರೆ ಎದುರುತ್ತರ ಕೊಟ್ಟವನಿಗೆ ಕಾರ್ಯದರ್ಶಿ ಸ್ಥಾನ ವಾಪಸ್ ಕೊಡೋಲ್ಲ.”

“ಬೇಡ, ಸಾರ್. ಹೊರಗಿನವರ ಕೋಣೆ ಮಾತ್ರ ಹಾಗೇ ಇರಲಿ.”

“ಇರುತ್ತೆ. ಹೋಗು, ಮೊದಲು ಕಾಲು ತೊಳ್ಕೋ” ಎಂದರು ಅವರು.

ಅಂಗಳಕ್ಕೆ ಬಂದಾಗ ಚಿಕ್ಕಲಕ್ಷ್ಮಮ್ಮ ಏನೋ ಅರ್ಥವಾದವಳಂತೆ “ನಾನ್ ಮುಂದ್ ನಡೀತಿರ್ತೀನಿ” ಎಂದು ಗೇಟಿನತ್ತ ಸರಿದಳು.

ಇಂದ್ರಮ್ಮನ ಕಣ್ಣು ಅವನ ಪಾದದ ಮೇಲೆಯೇ ಇತ್ತು. ಹಿಮ್ಮಡಿಯಲ್ಲಿ ಬೊಕ್ಕೆ ಒಡೆದಿತ್ತು.

“ಅಷ್ಟೊಂದು ಬೈದೆನಲ್ಲ... ಯಾಕೆ ಹೋದ್ರಿ?”

“ನೀವು ಹೇಳಿದ್ದು ನಿಜ ಅನ್ನಿಸ್ತು. ಖಾಲಿ ಬಿಟ್ಟು ಕೈ ತೊಳ್ಕೊಂಡಿದ್ದೆ ನಾನು.” ಅವನು ತಡೆದ. “ಅದೂ ಅಲ್ಲದೆ... ನಲವತ್ತೊಂದು ಮನೆಗೆ ಹೋಗಿ ಬಂದೆ. ತಿರುಗಿ ಹೋಗಬೇಕು ಅನ್ನಿಸಿದ್ದು ಒಂದೇ ಮನೆಗೆ.”

ಅವಳ ಕೆನ್ನೆ ಬಿಸಿಯಾಯಿತು. ತಲೆ ಎತ್ತಲಾಗಲಿಲ್ಲ.

“ಇಂದ್ರಮ್ಮನವರೇ, ಪರೀಕ್ಷೆ ಮುಗಿದ ಮೇಲೆ... ನಮ್ಮ ತಾಯೀನ ಹೊಳವನಹಳ್ಳಿಗೆ ಕಳಿಸ್ಲಾ?”

“ನಾನು ಪಾಠ ಹೇಳೋದು ಬಿಡೋಲ್ಲ.”

“ಬಿಡೋ ಹಾಗಿದ್ರೆ ನಾನು ಕೇಳ್ತಾನೇ ಇರಲಿಲ್ಲ.”

ಗೇಟಿನಾಚೆ ಚಿಕ್ಕಲಕ್ಷ್ಮಮ್ಮ ಬೇಕೆಂದೇ ಕೆಮ್ಮಿದಳು. ಇಂದ್ರಮ್ಮ ನಾಲ್ಕು ಹೆಜ್ಜೆ ನಡೆದಳು. ನಿಂತಳು. ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

“ನಿಮ್ಮ ತಾಯಿ ಒಬ್ಬರನ್ನೇ ಕಳಿಸಬೇಡಿ.”

“ಮತ್ತೆ?”

“ನೀವೂ ಬನ್ನಿ... ನಾನು ಕಾಯ್ತಿರ್ತೀನಿ.”