ವೀರಗಲ್ಲಿನ ಪಾಠಕ್ಕೆ ಬೇರೆ ದನಿ

"ಲೇ ತಿಮ್ಮೇಶ, ಕ್ಯಾಮೆರಾ ಆನ್ ಮಾಡಪ್ಪ. ಹಾಸಿಗೆಯಾಗೆ ಮಲಗಿ ಪಾಠ ಕೇಳ್ತೀಯೇನು?"

ಆನ್‌ಲೈನ್ ಕ್ಲಾಸಿನಲ್ಲಿ ಕಾವ್ಯಶ್ರೀ ಹುಡುಗನೆಂದುಕೊಂಡು ಗದರಿದ್ದು ವಿದ್ಯಾರ್ಥಿಯನ್ನಲ್ಲ. ಅವಳ ಪಾಠ ಕೇಳಲೆಂದು ಹಿರಿಯೂರಿನಿಂದ ಸೇರಿಕೊಂಡಿದ್ದ ಚಿತ್ರಕಲೆಯ ಮೇಷ್ಟ್ರನ್ನು. ಕ್ಯಾಮೆರಾ ಆನ್ ಆಯಿತು. ಕುರುಚಲು ಗಡ್ಡ, ತಡೆಹಿಡಿದ ನಗು.

"ಮಲಗಿಲ್ಲ ಮೇಡಂ, ಕುಂತೀನಿ."

ಹೊಳಲ್ಕೆರೆಯ ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದ ಕಾವ್ಯಶ್ರೀಗೆ ಆ ದಿನವೆಲ್ಲ ಕೆನ್ನೆ ಬಿಸಿ.

ಸುತ್ತಲಿನ ಊರುಗಳ ವೀರಗಲ್ಲುಗಳ ಮೇಲೆ ಇಬ್ಬರೂ ಸೇರಿ ಆನ್‌ಲೈನ್ ಕೋರ್ಸ್ ಮಾಡೋಣವೆಂದು ಅವನೇ ಕೇಳಿದ. ಭಾನುವಾರ ಬಂದರೆ ಅವನ ಬೈಕು, ಅವಳ ಬುತ್ತಿ. ಅವನು ಕಲ್ಲನ್ನು ಸುತ್ತಲಿಂದಲೂ ಫೋಟೊ ತೆಗೆದು, ಮೊಬೈಲಿನಲ್ಲಿ ಬೆರಳಿನಿಂದ ತಿರುಗಿಸಿ ನೋಡುವ ಹಾಗೆ ಮಾಡುತ್ತಿದ್ದ. ಅವಳು ಮೈಕ್ ಹಿಡಿದು ಹೇಳುತ್ತಿದ್ದಳು.

"ಕೆಳಗಿನ ಸಾಲಿನಾಗೆ ಜಗಳ ನಡದೈತೆ. ದನ ಬಿಡಿಸ್ಕಂಡು ಬರಾಕೆ ಹೋದೋನು ಸತ್ತ. ಮ್ಯಾಲಿನ ಸಾಲಿನಾಗೆ ಅಪ್ಸರೆಯರು ಅವನ್ನ ಕರ್ಕಂಡು ಹೊಂಟವ್ರೆ. ಝೂಮ್ ಮಾಡಿ ಅವನ ಕೈ ನೋಡ್ರಿ. ಅಪ್ಸರೆ ಹೆಗಲಿಗೆ ಇನ್ನೂ ಸರಿಯಾಗಿ ತಾಗಿಲ್ಲ. ಪಾಪ, ನಾಚಿಕೆ."

ತಿಮ್ಮೇಶ ಕಲ್ಲು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಏನ್ರಿ, ಹಂಗ್ ನೋಡ್ತೀರಿ?"

"ಸತ್ತೋನಿಗೇ ಇಷ್ಟು ನಾಚಿಕೆ ಆದ್ರೆ, ಬದುಕಿರೋನ ಗತಿ ಏನು ಅಂತ."

ಅವಳು ನಕ್ಕು ಮೈಕನ್ನು ಅವನ ಕೈಗಿಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ.

ಬೇಸಿಗೆಯಲ್ಲಿ ಅವನ ತಾಯಿ ತಿಪ್ಪಕ್ಕ ಐಮಂಗಲದಿಂದ ಚಿಕ್ಕಜಾಜೂರಿನ ಅವಳ ಮನೆಗೆ ಹೆಣ್ಣು ಕೇಳಲು ಬಂದರು. "ನಮ್ಮ ಮನೆ ಮಾತೇ ಆಡ್ತಾಳಲ್ಲೋ," ಎಂದು ಕಾವ್ಯಶ್ರೀಯ ಗಲ್ಲ ಹಿಡಿದರು. ಮದುವೆ ಅಂದೇ ನಿಶ್ಚಯವಾಯಿತು.

ಕೋರ್ಸನ್ನು ಬೆಂಗಳೂರಿನ ಸಂಸ್ಥೆಯೊಂದು ತನ್ನ ಆಪ್‌ಗೆ ತೆಗೆದುಕೊಂಡಿತ್ತು. ಬಿಡುಗಡೆಯ ದಿನ ಕಾವ್ಯಶ್ರೀ ಅದನ್ನು ತನ್ನ ತರಗತಿಯ ಪರದೆಯ ಮೇಲೆ ಹಾಕಿದಳು. ಕಲ್ಲು ಅದೇ. ದನಿ ಬೇರೆ.

"ಕೆಳಗಿನ ಪಟ್ಟಿಕೆಯಲ್ಲಿ ಕಾಳಗದ ದೃಶ್ಯವನ್ನು ಕಾಣಬಹುದು," ಎಂದು ಯಾರೋ ಒಬ್ಬಳು ನುಣ್ಣಗೆ ಓದುತ್ತಿದ್ದಳು. ಹೆಗಲಿಗೆ ತಾಗದ ಕೈಯ ಮಾತೇ ಇರಲಿಲ್ಲ.

"ಮೇಡಂ, ಇದು ನಿಮ್ಮ ಪಾಠ ಅಂದಿದ್ರಲ್ಲ?" ಎಂದಳು ಮುಂದಿನ ಬೆಂಚಿನ ಹುಡುಗಿ.

ಆ ಮಧ್ಯಾಹ್ನ ಅವಳು ಊರಿನ ಬಸ್ಸಿಗೆ ಕಾಯುತ್ತಿದ್ದಾಗ ತಿಮ್ಮೇಶ ಬಸ್ ಸ್ಟ್ಯಾಂಡಿಗೆ ಬಂದ. ಕೈಯಲ್ಲಿ ಪೇಡದ ಡಬ್ಬಿ. ಅವಳ ಮುಖ ನೋಡಿದವನೇ ಅದನ್ನು ಬ್ಯಾಗಿಗೆ ತುರುಕಿದ.

"ಬೇರೆ ದನಿ ಹಾಕ್ತೀವಿ ಅಂತ ಬೆಂಗಳೂರಿನೋರೇ ಕೇಳಿದ್ರು ಕಾವ್ಯ. ಈ ಭಾಷೆ ಎಲ್ಲರಿಗೂ ಹಿಡಿಸಲ್ಲ ಅಂದ್ರು. ಒಪ್ಪದಿದ್ರೆ ಕೋರ್ಸೇ ಹೋಗ್ತಿತ್ತು."

"ಯಾವಾಗ ಕೇಳಿದ್ರು?"

"ಯುಗಾದಿ ಟೈಮಿನಾಗೆ."

"ಅಂದ್ರೆ, ನಮ್ಮ ಮನೆಗೆ ಬರಾಕೆ ಮುಂಚೇನೇ."

ಅವನು ನೆಲ ನೋಡಿದ. "ನಿನ್ನ ದನಿ ಅಂದ್ರೆ ನಂಗೆ ಪ್ರಾಣ ಕಣೆ."

"ನೀವೊಬ್ರೇ ಕೇಳುವಾಗ ಪ್ರಾಣ. ನಾಕು ಜನ ಕೇಳ್ತಾರೆ ಅಂದ್ರೆ ಅವಮಾನ."

"ನಾನೂ ಅದೇ ಮಾತಿನೋನಲ್ವೇನೆ?"

"ಅದಕ್ಕೇ ತಡಿಯಾಕಾಗ್ತಿಲ್ಲ. ಅವರು ಬ್ಯಾಡ ಅಂದಿದ್ದು ಮರೀಬೌದು. ಹ್ಞೂಂ ಅಂದೋರು ನೀವು."

ಚಿಕ್ಕಜಾಜೂರಿನ ಬಸ್ಸು ಬಂದು ನಿಂತಿತು. ಅವನು ಅವಳ ಮಣಿಕಟ್ಟು ಹಿಡಿದ.

"ನಿಂದೇ ದನಿ ಹಾಕ್ರಿ ಅಂತ ಹೇಳ್ತೀನಿ. ನಾಳೇನೇ ಫೋನ್ ಮಾಡ್ತೀನಿ."

"ಈಗ್ಲೇ ಮಾಡ್ರಿ."

ಅವನು ಫೋನ್ ತೆಗೆದ. ಹೆಸರು ಹುಡುಕಿದ. ಅವಳಿಗೆ ಇನ್ನೂ ಆಸೆಯಿತ್ತು. ಅವನ ಹೆಬ್ಬೆರಳನ್ನೇ ನೋಡಿದಳು. ಅದು ಪರದೆಯ ಮೇಲೆ ಸುಮ್ಮನೆ ನಿಂತಿತ್ತು.

"ಆಫೀಸು ಮುಚ್ಚಿರ್ತದೇನೋ..." ಎಂದ. ಬಸ್ ಸ್ಟ್ಯಾಂಡಿನ ತುಂಬ ಇನ್ನೂ ಸುಡು ಬಿಸಿಲು.

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ಬಸ್ ಹತ್ತಿದಳು.

ಊರು ದಾಟಿದ ಮೇಲೆ, ಪಕ್ಕದ ಸೀಟಿನ ಹೆಂಗಸು ಅವಳ ಮೊಣಕೈ ಮುಟ್ಟಿ ಕೇಳಿದಳು: "ಯಾಕವ್ವ ಅಳ್ತೀಯ? ಯಾರು ಏನಂದ್ರು?"

"ಏನೂ ಅನ್ನಲಿಲ್ಲಕ್ಕ," ಎಂದಳು ಕಾವ್ಯಶ್ರೀ.